ಕಿರುಬೆರಳು

"ಹೆಂಗಸರ ಹೆಸರಿಗೆ ಹೆಬ್ಬೆಟ್ಟು ಬೇಡ ಝಿಯಾ ಭಾಯ್, ಕಿರುಬೆರಳು ಒತ್ತುವ. ನಮ್ಮ ಹೆಬ್ಬೆಟ್ಟು ನೋಡಿದ್ರೆ ಯಾರಿಗೂ ಗೊತ್ತಾಗ್ತದೆ, ಇದು ಮೂಟೆ ಹೊತ್ತವನದ್ದು ಅಂತ."

ಹೇಳಿದವನು ಹಾರಿಸ್. ಅವನನ್ನು ಯಾರೂ ಕೇಳಿರಲಿಲ್ಲ. ಪ್ಲೈವುಡ್ ಹಲಗೆಯ ಮೇಲೆ ಹರಡಿದ್ದ ಹಾಳೆಗಳಿಂದ ಝಿಯಾವುದ್ದೀನ್ ತಲೆಯೆತ್ತಿದ. ಗೋದಾಮಿನ ಮ್ಯಾನೇಜರ್, ಭಟ್ಕಳದವನು. ಜಿದ್ದಾದ ಅಜೀಜಿಯಾದ ಮನೆಯಲ್ಲಿ ನವಾಯತಿ, ವೀಸಾ ಕೊಟ್ಟ ಧಣಿ ಕಫೀಲನ ಎದುರು ಅರಬ್ಬಿ, ಊರ ಕಡೆಯ ಹಾರಿಸ್, ನೋಣಯ ಇಬ್ಬರ ಹತ್ತಿರ ಮಾತ್ರ ಕನ್ನಡ ಮಾತಾಡುವವನು. ಅವನ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗು ಬಂತು.

"ತಲೆ ಉಂಟು ಮಾರಾಯ ನಿನಗೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಎಂತಕ್ಕೆ ನೀನು?"

ಹಾರಿಸ್‌ಗೆ ಸಂತೋಷವಾಯಿತು. ಮೂರು ವರ್ಷದಲ್ಲಿ ಈ ಗೋದಾಮಿನಲ್ಲಿ ಅವನಿಗೆ ಬೆನ್ನು ಉಂಟು, ಭುಜ ಉಂಟು ಎಂದು ಎಲ್ಲರೂ ಹೇಳಿದ್ದರು. ತಲೆ ಉಂಟು ಎಂದದ್ದು ಇದೇ ಮೊದಲು. ಆ ಸಂತೋಷ ಆಮೇಲೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಜಿದ್ದಾದ ದಕ್ಷಿಣಕ್ಕೆ, ಖುಮ್ರಾದ ಗೋದಾಮುಗಳ ಸಾಲಿನಲ್ಲಿ ಅವರದ್ದು ಕೊನೆಯದು. ಒಳಗೆ ಇದ್ದದ್ದೆಲ್ಲ ಯೆಮೆನ್‌ಗೆ ಹೋಗುವ ಸಾಮಾನು. ಅಲ್ಲಿ ಯುದ್ಧಕ್ಕೆ ಮೂರನೇ ವರ್ಷ ಮುಗಿಯುತ್ತ ಬಂದಿತ್ತು. ಒಂದು ಪೆಟ್ಟಿಗೆ ಎಂದರೆ ಒಂದು ಮನೆಗೆ ಒಂದು ತಿಂಗಳು: ಹಿಟ್ಟು, ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆ, ಖರ್ಜೂರ, ಉಪ್ಪು. ಇವರು ತುಂಬಿಸಿ, ಟೇಪು ಹೊಡೆದು, ಲಾರಿಗೆ ಏರಿಸಿದರೆ ಅದು ವದೀಆ ಗಡಿಗೆ ಹೋಗುತ್ತದೆ. ಅಲ್ಲಿಂದ ಆಚೆ ಬೇರೆ ಲಾರಿ, ಬೇರೆ ಜನ. ಹಂಚಿದ ಮೇಲೆ ಪ್ರತಿ ಹೆಸರಿನ ಮುಂದೆ ಬೆರಳೊತ್ತಿಸಿ ಪಟ್ಟಿಯನ್ನು ವಾಪಸು ಕಳಿಸಬೇಕು. ಪಟ್ಟಿ ನೋಡಿದ ಮೇಲೆಯೇ ಸಾಮಾನಿಗೆ ದುಡ್ಡು ಕೊಡುವ ದೊಡ್ಡ ಸಂಸ್ಥೆಯವರು ಮುಂದಿನ ಲೋಡಿಗೆ ಒಪ್ಪುವುದು.

ಆ ಭಾನುವಾರ ಬೆಳಿಗ್ಗೆ ಕೊರಿಯರಿನಲ್ಲಿ ನಲವತ್ತು ಹಾಳೆ ಬಂದಿದ್ದವು. ಹಾಳೆಗೆ ಇಪ್ಪತ್ತೈದು ಹೆಸರು. ಊರು, ಮನೆಯಲ್ಲಿ ಎಷ್ಟು ಬಾಯಿ, ಎಲ್ಲ ತುಂಬಿತ್ತು. ಕೊನೆಯ ಕಾಲಂ ಮಾತ್ರ ಮೇಲಿನಿಂದ ಕೆಳಗಿನವರೆಗೆ ಖಾಲಿ. ಜೊತೆಗೊಂದು ಚೀಟಿ: ಹಂಚಿ ಆಗಿದೆ, ದಾರಿ ಬಂದ್, ಶಾಯಿಯ ಪ್ಯಾಡ್ ಸಿಗಲಿಲ್ಲ, ಕ್ಷಮಿಸಿ. ಸಂಸ್ಥೆಯ ಆಡಿಟ್ ಮಂಗಳವಾರ ಇತ್ತು.

"ಹಂಚಿದ್ದಾರೆ ಅಂತ ನಮಗೆ ಎಂತ ಗ್ಯಾರಂಟಿ?" ಎಂದು ಕೇಳಿದವನು ನೋಣಯ. ಬಂಟ್ವಾಳದ ಕಡೆಯವನು, ಐವತ್ತರ ಹತ್ತಿರ, ಫೋರ್ಕ್‌ಲಿಫ್ಟ್ ಓಡಿಸುವವನು.

"ಹಂಚದೆ ಮತ್ತೆಂತ ಮಾಡ್ತಾರೆ ಮಾರಾಯ? ಹಿಟ್ಟನ್ನು ಸಮುದ್ರಕ್ಕೆ ಹಾಕ್ತಾರಾ?"

"ಮಾರ್ತಾರೆ."

"ಮಾರಿದ್ರೂ ಯಾರಾದ್ರೂ ತಿಂತಾರಲ್ಲ," ಎಂದ ಝಿಯಾವುದ್ದೀನ್. "ನೋಡು ನೋಣಯ, ಸಾಮಾನು ಹೋಗಿದೆ. ಜನ ತಿಂದಿದ್ದಾರೆ. ಕಾಗದ ಒಂದೇ ಬಾಕಿ. ಕಾಗದ ಇಲ್ಲದಿದ್ರೆ ಮುಂದಿನ ಲೋಡು ನಿಲ್ತದೆ. ಆಗ ಉಪವಾಸ ಬೀಳುದು ಯಾರು? ನಾನಾ, ನೀನಾ?"

ನೋಣಯ ಶಾಯಿಯ ಪ್ಯಾಡಿನ ಮುಚ್ಚಳ ತೆಗೆದ. ಇನ್ನೊಬ್ಬನ ಹೆಸರಿಗೆ ಸಹಿ ಹಾಕುವುದು ಅಲ್ಲಿ ಹೊಸತೇನೂ ಆಗಿರಲಿಲ್ಲ. ಸಂಜೆ ಗೇಟಿನ ರಿಜಿಸ್ಟರಿನಲ್ಲಿ ಇಡೀ ಗೋದಾಮಿನ ಸಹಿ ಹಾಕುತ್ತಿದ್ದವನೇ ಹಾರಿಸ್. ಕೆಲಸ ಬಿಟ್ಟವರು ನೇರ ಬಸ್ಸು ಹತ್ತಿ ಸೀಟು ಹಿಡಿದು, ಅಲ್ಲಿಂದಲೇ "ನಂದೂ ಹಾಕು" ಎಂದು ಕೂಗುತ್ತಿದ್ದರು. ಹನ್ನೆರಡು ಹೆಸರಿಗೆ ಹನ್ನೆರಡು ನಮೂನೆಯ ಗೀಚು ಅವನ ಕೈಗೆ ಬಾಯಿಪಾಠ. ಅದಕ್ಕೂ ಮೊದಲು ಯಾನ್ಬುವಿನಲ್ಲಿ ಕೆಲಸಕ್ಕಿದ್ದಾಗ ಸುರಕ್ಷತೆಯ ಕ್ಲಾಸಿಗೆ ಬಾರದ ಹತ್ತು ಜನರ ಸಹಿಯನ್ನು ಅವನೊಬ್ಬನೇ ಹಾಕಿದ್ದ. ಯಾರೂ ಸತ್ತಿರಲಿಲ್ಲ.

ಝಿಯಾವುದ್ದೀನ್ ಭಾನುವಾರವನ್ನೇ ಆರಿಸಿದ್ದಕ್ಕೆ ಕಾರಣ ಮಹ್ಯೂಬ್. ಗೋದಾಮಿನಲ್ಲಿ ಯೆಮೆನ್‌ನವನು ಅವನೊಬ್ಬನೇ. ಅವತ್ತು ಪಾಸ್‌ಪೋರ್ಟ್ ಕೆಲಸಕ್ಕೆ ತನ್ನ ದೇಶದ ಕಾನ್ಸುಲೇಟಿಗೆ ಹೋಗಿದ್ದ. ಅವನನ್ನೂ ಝಿಯಾವುದ್ದೀನನನ್ನೂ ಬಿಟ್ಟರೆ ಅರಬ್ಬಿ ಅಕ್ಷರ ಬರುತ್ತಿದ್ದದ್ದು ಹಾರಿಸ್‌ಗೆ. ಶಾಲೆ ಬಿಟ್ಟರೂ ಮದ್ರಸ ಬಿಟ್ಟಿರಲಿಲ್ಲ. ಬರೆದದ್ದರ ಅರ್ಥ ಆಗುತ್ತಿರಲಿಲ್ಲ, ಕೂಡಿಸಿ ಓದಲು ಬರುತ್ತಿತ್ತು. ಹಾಗಾಗಿ ಹೆಂಗಸರ ಹೆಸರು ಆರಿಸಿ ಒತ್ತುವ ಕೆಲಸ ಅವನದ್ದಾಯಿತು. ಗಂಡಸರದ್ದು ನೋಣಯನಿಗೆ. ನೋಣಯನಿಗೆ ಇನ್ನೊಂದು ಕಟ್ಟು ಕೂಡ ಇತ್ತು. ಗೋದಾಮಿನ ಆಚೆ ಅರ್ಧದಲ್ಲಿ ಪೊಲೀಸರ ಸಾಮಾನು. ಆ ದೇಶದಲ್ಲಿ ಹೊಸ ಪೊಲೀಸ್ ಕಟ್ಟುತ್ತಾರಂತೆ, ಜನರನ್ನು ಹೊಡೆಯದ ಪೊಲೀಸ್. ಅದಕ್ಕೆ ಬೂಟು, ಹೊಳೆಯುವ ಜಾಕೆಟು, ನೋಟ್‌ಬುಕ್ಕು, ಸೀಟಿ, ಮೂರು ದಿನದ ತರಬೇತಿ. ತರಬೇತಿಗೆ ಬಂದವರ ಪಟ್ಟಿಯೂ ಖಾಲಿಯಾಗಿಯೇ ಬಂದಿತ್ತು.

"ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಪೊಲೀಸ್ ಆದೆ ಮಾರಾಯ ನಾನು," ಎಂದ ನೋಣಯ, ಎರಡೂ ಹೆಬ್ಬೆಟ್ಟು ಎತ್ತಿ ತೋರಿಸಿ. "ಊರಲ್ಲಿ ಒಂದು ಹೋಮ್‌ಗಾರ್ಡಿಗೂ ತಗೊಂಡಿರ್ಲಿಲ್ಲ ನನ್ನನ್ನು."

ಹಾರಿಸ್ ನಗುತ್ತಲೇ ಒತ್ತಿದ. ಮದ್ರಸದ ಅಭ್ಯಾಸ, ತುಟಿ ಅಲ್ಲಾಡದೆ ಅವನಿಗೆ ಓದಲು ಆಗುತ್ತಿರಲಿಲ್ಲ. ಒಂದೊಂದೇ ಹೆಸರನ್ನು ತುಟಿಯಲ್ಲಿ ಓದುವುದು, ಪ್ಯಾಡಿಗೆ ಬೆರಳು, ಹಾಳೆಗೆ ಬೆರಳು. ಒಮ್ಮೆ ನೇರ, ಒಮ್ಮೆ ಓರೆ, ಒಮ್ಮೆ ಅರ್ಧ. ನಾಲ್ಕು ಸಲ ಎಡಗೈಯ ಕಿರುಬೆರಳು, ನಾಲ್ಕು ಸಲ ಬಲಗೈಯದ್ದು. ಬಲಗೈ ಕಿರುಬೆರಳಿನ ತುದಿಯಲ್ಲಿ ಪೆಟ್ಟಿಗೆ ಕೊಯ್ಯುವ ಕಟರ್ ತಾಗಿದ ಹಳೆಯ ಗಾಯವಿತ್ತು. ಒತ್ತಿದಾಗ ಅಲ್ಲಿ ಒಂದು ಓರೆ ಗೆರೆ ಬಿಳಿಯಾಗಿ ಉಳಿಯುತ್ತಿತ್ತು. ಇಳಿಹೊತ್ತಿನ ಅಸರ್ ನಮಾಝಿನ ಬಾಂಗಿನ ಹೊತ್ತಿಗೆ ಮುನ್ನೂರ ಹದಿನೆಂಟು ಹೆಂಗಸರು ತಮ್ಮ ತಮ್ಮ ಪೆಟ್ಟಿಗೆ ಪಡೆದು ಮನೆಗೆ ಹೋಗಿದ್ದರು.

ಶಾಯಿ ಮಾತ್ರ ಹೋಗಲಿಲ್ಲ. ಸೋಪು, ಪೆಟ್ರೋಲು, ಕೊನೆಗೆ ನಿಂಬೆಹುಳಿ ಹಾಕಿ ತಿಕ್ಕಿದರೂ ಬಲಗೈಯ ಉಗುರಿನ ಅಂಚಿನಲ್ಲಿ ನೀಲಿ ಉಳಿಯಿತು. ಕೋಣೆಯಲ್ಲಿ ಹಾರಿಸ್ ಆ ಕಿರುಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ.

ಸೋಮವಾರ ಮಹ್ಯೂಬ್ ಬಂದ. ನಲವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಹನ್ನೊಂದು ವರ್ಷದಿಂದ ಜಿದ್ದಾದಲ್ಲಿದ್ದ. ತಯಿಝ್‌ನ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ಅವನಿಗೆ ಒಬ್ಬಳೇ ತಂಗಿ, ಅರ್ವಾ. ಅವಳ ಗಂಡ ಸಂತೆಯಲ್ಲಿ ಬಿದ್ದ ಶೆಲ್ಲಿಗೆ ಸಿಕ್ಕಿ ಸತ್ತಿದ್ದ. ಎರಡು ಹೆಣ್ಣುಮಕ್ಕಳು. ಕಳೆದ ರಂಝಾನಿನಲ್ಲಿ ಅವಳು ಕಳಿಸಿದ ಧ್ವನಿ ಸಂದೇಶವೇ ಕೊನೆ, ಏಳು ತಿಂಗಳಿನಿಂದ ಸುದ್ದಿಯಿಲ್ಲ. ಊಟದ ಹೊತ್ತಿಗೆ ಮಹ್ಯೂಬ್ ಅದನ್ನು ಹಾಕುತ್ತಿದ್ದ. ಅರ್ಥ ಆಗದಿದ್ದರೂ ಗೋದಾಮಿನವರಿಗೆಲ್ಲ ಅದು ಬಾಯಿಪಾಠವಾಗಿತ್ತು. ಅವಳ ಮಾತಿನ ನಡುವೆ ಎಲ್ಲಿ ಕೋಳಿ ಕೂಗುತ್ತದೆ, ಎಲ್ಲಿ ಮಗು ನಗುತ್ತದೆ ಎಂದು ನೋಣಯನೂ ಹೇಳಬಲ್ಲವನಾಗಿದ್ದ. ಈಗ ಮಹ್ಯೂಬ್ ಅವಳನ್ನು ಹುಡುಕಿಕೊಂಡು ಹೊರಟಿದ್ದ. ಕಫೀಲನ ಕಾಲು ಹಿಡಿದು ಹೋಗಿ ಬರುವ ವೀಸಾ ಹೊಡೆಸಿದ್ದ, ಶನಿವಾರದೊಳಗೆ ಗಡಿ ದಾಟಬೇಕು. ಗುರುವಾರ ಅಸರ್ ಆದ ಮೇಲೆ ಬಾಬ್ ಶರೀಫ್ ಪೇಟೆಯಿಂದ ಹೊರಡುವ ಕಾರಿನಲ್ಲಿ ಸೀಟು ಹೇಳಿದ್ದ. ಹಾಗೆ ಹೋದವರಲ್ಲಿ ವಾಪಸು ಬಂದವರು ಕಡಿಮೆ. ಅದು ಅವನಿಗೂ ಗೊತ್ತಿತ್ತು.

"ಹಾಳೆಗಳನ್ನು ಊರಿನ ಪ್ರಕಾರ ಜೋಡಿಸಿಡು ಮಹ್ಯೂಬ್," ಎಂದು ಹೇಳಿ ಝಿಯಾವುದ್ದೀನ್ ಆಫೀಸಿಗೆ ಹೋದ. ಹಾರಿಸ್ ಹತ್ತಡಿ ದೂರದಲ್ಲಿ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದ. ಹಾಳೆ ಮಗುಚುವ ಸದ್ದು ಸ್ವಲ್ಪ ಹೊತ್ತು ಬಂತು. ಆಮೇಲೆ ನಿಂತಿತು.

"ಯಾ ಹಾರಿಸ್. ಇಲ್ಲಿ ಬಾ."

ಗೋದಾಮಿನ ಅರಬ್ಬಿಯಲ್ಲಿ, ಅರ್ಧ ಉರ್ದು ಸೇರಿಸಿಯೇ ಇವರಿಬ್ಬರ ಮಾತು. ಮಹ್ಯೂಬನ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.

"ನಿನಗೆ ಓದಲು ಬರುತ್ತದಲ್ಲ, ಓದು. ನನ್ನ ಕಣ್ಣು ಸರಿ ಇದೆಯಾ ನೋಡಬೇಕು ನನಗೆ."

ಹಾರಿಸ್ ಓದಿದ. "ಅರ್ವಾ... ಅಬ್ದೊ... ಸೈಫ್." ನಿನ್ನೆ ಇದೇ ತುಟಿಯಲ್ಲಿ ಇದೇ ಹೆಸರು ಹಾದುಹೋಗಿತ್ತು. ಅಬ್ದೊ ಸೈಫ್ ಎಂಬುದು ಮಹ್ಯೂಬನ ವಾಸದ ಪರವಾನಗಿ ಇಕಾಮಾದಲ್ಲೂ ಇರುವ ಹೆಸರು ಎಂದು ಆಗ ಅವನಿಗೆ ಹೊಳೆದಿರಲಿಲ್ಲ.

"ಊರು ಓದು. ಬಾಯಿ ಎಷ್ಟು? ಮೂರು. ಅವಳು, ಇಬ್ಬರು ಮಕ್ಕಳು. ಮೂರು." ಮಹ್ಯೂಬ್ ಮೊಣಕಾಲೂರಿ ಸಿಮೆಂಟು ನೆಲದ ಮೇಲೆಯೇ ಕೂತು, ಹಣೆ ನೆಲಕ್ಕಿಟ್ಟು ಸುಜೂದಿಗೆ ಬಾಗಿದ. ಎದ್ದಾಗ ಹಣೆಗೆ ಹಿಟ್ಟಿನ ಧೂಳು ಹತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದು ಬೆರಳಚ್ಚನ್ನು ನೋಡತೊಡಗಿದ.

"ಎಷ್ಟು ಸಣ್ಣದಾಗಿದೆ ನೋಡು. ಅವಳ ಬೆರಳು ಹೀಗಿರಲಿಲ್ಲ ಹಾರಿಸ್. ನಮ್ಮಮ್ಮನ ಹಾಗೆ ದಪ್ಪ ಬೆರಳು. ಬಡವಾಗಿದ್ದಾಳೆ." ಹಾಳೆಯನ್ನು ಇನ್ನಷ್ಟು ಹತ್ತಿರ ತಂದು, "ಇಲ್ಲಿ ಗೆರೆ ಇದೆ ನೋಡು. ಕೊಯ್ದುಕೊಂಡಿದ್ದಾಳೆ. ಕಟ್ಟಿಗೆ ಒಡೆಯುವವರು ಯಾರಿದ್ದಾರೆ ಮನೆಯಲ್ಲಿ, ಅವಳೇ ಒಡೆಯಬೇಕು."

ಅದೇ ಓರೆ ಗೆರೆ ಅದೇ ಹಾಳೆಯಲ್ಲಿ ಇನ್ನೂ ಮೂರು ಕಡೆ ಇತ್ತು. ಮಹ್ಯೂಬ್ ಬೇರೆ ಯಾವ ಸಾಲನ್ನೂ ನೋಡಲಿಲ್ಲ. ಮೊಬೈಲು ತೆಗೆದು ಆ ಒಂದು ಸಾಲಿನ ಫೋಟೊ ಹೊಡೆದುಕೊಂಡ. ಹಾರಿಸ್ ಬ್ಯಾಂಡೇಜು ಸುತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಅಲ್ಹಂದುಲಿಲ್ಲಾಹ್" ಎಂದ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ.

ಸಂಜೆಯ ಬಸ್ಸಿನಲ್ಲಿ ಮಹ್ಯೂಬ್ ಕಾರಿನವನಿಗೆ ಫೋನು ಮಾಡಿದ. ಗುರುವಾರದ ಸೀಟು ಬೇಡ, ಬೇರೆಯವರಿಗೆ ಕೊಡು ಎಂದ. ಆಮೇಲೆ ಹಾರಿಸ್ ಕಡೆ ತಿರುಗಿ, "ನಾನು ಹೋಗಿ ಅವಳ ಮನೆಯಲ್ಲಿ ಇನ್ನೊಂದು ಬಾಯಿ ಆಗುವುದೇಕೆ? ಇಲ್ಲಿ ನಿಂತು ಪೆಟ್ಟಿಗೆ ತುಂಬಿಸಿದರೆ ಅವಳಿಗೆ ಮುಟ್ಟುತ್ತದೆ. ಮುಟ್ಟಿದೆಯಲ್ಲ," ಎಂದ.

ಹಿಂದಿನ ಸೀಟಿನಲ್ಲಿ ನೋಣಯ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇಳಿಯುವಾಗ ಹಾರಿಸ್‌ನ ಭುಜ ಹಿಡಿದು ಮೆಲ್ಲನೆ ಕೇಳಿದ.

"ಅದು ನಿಂದಾ ನಂದಾ?"

"ನಂದು ನೋಣಯಣ್ಣ. ಗೆರೆ ಉಂಟಲ್ಲ."

"ಹ್ಞೂಂ," ಎಂದ ನೋಣಯ. ಅಷ್ಟೇ.

ಮಂಗಳವಾರ ಆಡಿಟಿಗೆ ಬಂದವಳು ಒಬ್ಬಳು ಯುರೋಪಿನ ಹೆಂಗಸು. ಕಪ್ಪು ಅಬಾಯ ನಿಲುವಂಗಿಯ ಕೆಳಗೆ ಓಟದ ಬೂಟು, ಜೊತೆಗೆ ಮಾತನ್ನು ಅರಬ್ಬಿಗೆ ತಿರುಗಿಸಲು ಒಬ್ಬ ಲೆಬನಾನಿನವನು. ಅವಳು ಚುರುಕಿದ್ದಳು. ಸೀಟಿಗಳ ಪೆಟ್ಟಿಗೆ ಒಡೆಸಿ ಎಣಿಸಿದಳು, ಒಂದನ್ನು ಊದಿಯೂ ನೋಡಿದಳು. ಆಮೇಲೆ ಹಾಳೆಗಳ ಎದುರು ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಹನ್ನೆರಡನೆಯದಕ್ಕೆ ನಿಂತಳು.

"ಇವು ಎಲ್ಲಿಂದ ಬಂದವು?" ಎಂದು ಅವಳು ಕೇಳಿದ್ದನ್ನು ಲೆಬನಾನಿನವನು ಅರಬ್ಬಿಯಲ್ಲಿ ಹೇಳಿದ. "ಅಂಥ ದಾರಿಯಲ್ಲಿ ಬಂದ ಹಾಳೆ ಇಷ್ಟು ಸ್ವಚ್ಛ ಹೇಗೆ ಎಂದು ಮೇಡಂ ಕೇಳುತ್ತಿದ್ದಾರೆ. ಮಡಿಕೆ ಇಲ್ಲ, ಮಣ್ಣಿಲ್ಲ. ಶಾಯಿ ಒಂದೇ ಬಣ್ಣ."

ಝಿಯಾವುದ್ದೀನನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ಹಾರಿಸ್‌ಗೆ ಕಂಡಿತು. ಹೇಳಲಿ, ಇವಳಾದರೂ ಹಿಡಿಯಲಿ ಎಂದು ಹಾರಿಸ್ ಒಳಗೊಳಗೇ ಬೇಡಿಕೊಂಡ. ಅವಳು ಹಿಡಿದರೆ ತಾನು ಬಾಯಿ ತೆರೆಯಬೇಕಾಗಿಲ್ಲ. ಝಿಯಾವುದ್ದೀನ್ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಹಿಂದಿನಿಂದ ಮಹ್ಯೂಬ್ ಮುಂದೆ ಬಂದ. ಯಾರೂ ಕರೆದಿರಲಿಲ್ಲ. ಹಾಳೆಗಳ ನಡುವಿನಿಂದ ಒಂದನ್ನು ಹುಡುಕಿ ತೆಗೆದು, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

"ಇದು ನನ್ನ ತಂಗಿ," ಎಂದ. "ನನ್ನ ಸ್ವಂತ ತಂಗಿ. ಏಳು ತಿಂಗಳಿನಿಂದ ಬದುಕಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ನಿಮ್ಮ ಪೆಟ್ಟಿಗೆ ಅವಳಿಗೆ ಸಿಕ್ಕಿದೆ. ಅಲ್ಲಾಹು ನಿಮ್ಮ ತಾಯಿತಂದೆಗೆ ಒಳ್ಳೆಯದು ಮಾಡಲಿ."

ಲೆಬನಾನಿನವನು ಅದನ್ನು ಮೇಡಂಗೆ ತಿರುಗಿಸಿ ಹೇಳಿದ. ಹೆಂಗಸು ಕನ್ನಡಕ ತೆಗೆದಳು. ಆಮೇಲೆ ಅವಳು ಬೇರೆ ಹಾಳೆ ಮುಟ್ಟಲಿಲ್ಲ. ಮಹ್ಯೂಬನನ್ನು ಪೆಟ್ಟಿಗೆಗಳ ಸಾಲಿನ ಮುಂದೆ ನಿಲ್ಲಿಸಿ, ಹಾಳೆಯನ್ನು ಎದೆಯ ಹತ್ತಿರ ಹಿಡಿಯಲು ಹೇಳಿ, ಫೋಟೊ ಹೊಡೆದಳು. ಒಂದರಲ್ಲಿ ಅಕ್ಕಪಕ್ಕ ಹಾರಿಸ್ ಮತ್ತು ನೋಣಯನನ್ನೂ ನಿಲ್ಲಿಸಿದಳು. ಕೈ ಮುಂದೆ ತರಲು ಹೇಳಿದರೂ ಹಾರಿಸ್ ತರಲಿಲ್ಲ. ಫೋಟೊದಲ್ಲಿ ಅವನಿಗೆ ಒಂದೇ ಕೈ.

ಆ ಮಧ್ಯಾಹ್ನ ಮಹ್ಯೂಬ್ ಊಟಕ್ಕೆ ಎಲ್ಲರನ್ನೂ ಕರೆದ. ಬಿಸಿ ರೊಟ್ಟಿ ಮುರಿದು, ಬೆಣ್ಣೆ ಕಲಸಿ, ಅದರ ಮೇಲೆ ಒಂದು ಬಾಟಲಿಯ ಜೇನು ಪೂರ್ತಿ ಸುರಿದ. ಅದು ಅವನ ಅಪ್ಪನ ಗೂಡಿನ ಜೇನು. ಅಪ್ಪ ಸತ್ತು ಆರು ವರ್ಷ. ಮುಚ್ಚಳ ತೆಗೆಯದೆ ಇಟ್ಟುಕೊಂಡಿದ್ದ ಬಾಟಲಿ ಅದು, ಟ್ರಂಕಿನಿಂದ ಹೊರಗೆ ಬಂದದ್ದು ಅವತ್ತೇ. ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತರು. ಹಾರಿಸ್ ಕೈ ಹಾಕಲಿಲ್ಲ.

"ಏನಾಗಿದೆ ಬೆರಳಿಗೆ?"

"ಕಟರ್ ತಾಗಿತು."

"ಒದ್ದೆ ಮಾಡಬೇಡ, ಕೀವಾಗುತ್ತದೆ," ಎಂದು ಮಹ್ಯೂಬ್ ತಾನೇ ತುತ್ತು ಮಾಡಿ ಅವನ ಬಾಯಿಗಿಟ್ಟ. ಹಾರಿಸ್ ಬಾಯಿ ತೆರೆದ. ಎರಡನೇ ತುತ್ತಿಗೂ ತೆರೆದ. ಎದುರು ಕೂತಿದ್ದ ನೋಣಯ ಕೈ ತೊಳೆಯುವ ನೆವದಲ್ಲಿ ಎದ್ದು ಹೋದ. ಮೂರನೆಯ ತುತ್ತು ಹಾರಿಸ್‌ನ ಬಾಯಲ್ಲೇ ನಿಂತಿತು. ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಲಾರಿಯ ಮರೆಯಲ್ಲಿ ಅದನ್ನು ಅಂಗೈಗೆ ಉಗುಳಿದ. ಎಸೆಯಲು ಆಗಲಿಲ್ಲ. ಅದನ್ನು ಹಿಡಿದುಕೊಂಡೇ ಬಿಸಿಲಿನಲ್ಲಿ ಬಹಳ ಹೊತ್ತು ನಿಂತ.

ಬುಧವಾರ ಬೆಳಿಗ್ಗೆ ಊರಿನಿಂದ ಹಾರಿಸ್‌ನ ತಾಯಿ, ಉಮ್ಮ ಖದೀಜತ್, ಫೋನು ಮಾಡಿದಳು. ರೇಷನ್ ಸೊಸೈಟಿಗೆ ಹೋಗಿ ಬಂದಿದ್ದಳು.

"ಇವತ್ತೂ ಮಿಷನ್ ನನ್ನ ಬೆರಳು ತಗೊಳ್ಳಲಿಲ್ಲ ಮೋನೆ. ನಾಲ್ಕು ಸಲ ಒತ್ತಿದೆ. ಬೀಡಿ ಕಟ್ಟಿ ಕಟ್ಟಿ ಗೆರೆ ಎಲ್ಲ ಹೋಗಿದೆ ಅಂತೆ. ನೀವೇ ಖದೀಜತ್ ಅಂತ ನನಗೆ ಗೊತ್ತುಂಟು, ಆದ್ರೆ ಮಿಷನ್ ಹೇಳ್ಬೇಕಲ್ಲ ಅಂತ ಸೊಸೈಟಿಯವ ಹೇಳ್ತಾನೆ. ಅಕ್ಕಿ ಇಲ್ಲದೆ ವಾಪಸು ಬಂದೆ."

"ನಾಳೆ ಪುನಃ ಹೋಗಿ ಉಮ್ಮ."

"ಹೋಗ್ತೇನೆ. ತೆಂಗಿನೆಣ್ಣೆ ಹಚ್ಚಿ ಹೋದ್ರೆ ತಗೊಳ್ತದೆ ಅಂತಾರೆ. ನಿನ್ನ ದನಿ ಎಂತಕ್ಕೆ ಹಾಗುಂಟು? ಉಣ್ಣಲಿಲ್ವಾ?"

ಫೋನು ಇಟ್ಟವನೇ ಹಾರಿಸ್ ಆಫೀಸಿಗೆ ಹೋದ. ಝಿಯಾವುದ್ದೀನ್ ಕಿತ್ತಳೆ ಸುಲಿಯುತ್ತಿದ್ದ. ಮುಂದಿನ ಲೋಡಿಗೆ ಒಪ್ಪಿಗೆ ಬಂದಿತ್ತು, ಮಹ್ಯೂಬನ ಫೋಟೊ ಸಂಸ್ಥೆಯ ವರದಿಯ ಮೊದಲ ಪುಟಕ್ಕೆ ಹೋಗುತ್ತದೆ ಎಂದು ಮೇಲ್ ಬಂದಿತ್ತು.

"ಮಹ್ಯೂಬನಿಗೆ ಹೇಳುವ ಝಿಯಾ ಭಾಯ್. ಅವ ಸೀಟು ಬಿಟ್ಟಿದ್ದಾನೆ. ಶನಿವಾರ ಕಳೆದ್ರೆ ವೀಸಾ ಹೋಗ್ತದೆ."

ಝಿಯಾವುದ್ದೀನ್ ಒಂದು ತೊಳೆ ಅವನ ಮುಂದೆ ಇಟ್ಟ. "ಕೂತ್ಕೋ. ಹೇಳಿದ್ರೆ ಎಂತ ಆಗ್ತದೆ? ಅವ ಹೋಗ್ತಾನೆ. ದಾರಿಯಲ್ಲಿ ಎಷ್ಟು ಚೆಕ್‌ಪೋಸ್ಟ್ ಉಂಟು ಗೊತ್ತುಂಟಾ? ಒಂದೊಂದು ಒಬ್ಬೊಬ್ಬರದ್ದು. ಎಲ್ಲಿಯಾದ್ರೂ ಒಂದು ಕಡೆ ಇಳಿಸ್ತಾರೆ. ಈಗ ಇಲ್ಲಿ ಜೀವಂತ ಇದ್ದಾನೆ, ಖುಷಿಯಲ್ಲಿ ಇದ್ದಾನೆ. ನೀನು ಅದನ್ನು ಕಿತ್ಕೊಂಡು ಎಂತ ಮಾಡ್ತಿ?"

"ತಂಗಿ ಇದ್ದಾಳೋ ಇಲ್ವೋ..."

"ಇರಬಹುದು ಅಲ್ವಾ? ಇಲ್ಲ ಅಂತ ನಿನಗೆ ಹೇಳಿದ್ದು ಯಾರು? ಪೆಟ್ಟಿಗೆ ಸಿಕ್ಕಿರಲೂಬಹುದು."

ಅವನು ಹೇಳಿದ್ದರಲ್ಲಿ ಸುಳ್ಳು ಎಂದು ತೋರಿಸುವಂಥದ್ದು ಒಂದೂ ಇರಲಿಲ್ಲ. ಅದೇ ಹಾರಿಸ್‌ಗೆ ಹೇಸಿಗೆ ಎನಿಸಿತು. ಎದ್ದು ನಿಂತ. ಝಿಯಾವುದ್ದೀನ್ ತಲೆಯೆತ್ತದೆ, ಸಿಪ್ಪೆಯನ್ನು ಒಂದರ ಮೇಲೊಂದು ಜೋಡಿಸುತ್ತ ಹೇಳಿದ.

"ನಾನು ನಿನ್ನನ್ನು ಹೆದರಿಸುದಿಲ್ಲ ಹಾರಿಸ್. ಇಕಾಮಾ, ಗಿಕಾಮಾ ಅಂತ ಹೇಳುವ ಜನ ಅಲ್ಲ ನಾನು. ಆದ್ರೆ ಒಂದು ನೆನಪಿಟ್ಕೋ. ಒತ್ತಿ ಅಂತ ಹೇಳಿದ್ದು ನಾನು. ಕಿರುಬೆರಳು ಅಂತ ಹೇಳಿದ್ದು ನೀನು."

ಗುರುವಾರ ಮಧ್ಯಾಹ್ನ ಝುಹರ್ ನಮಾಝ್ ಮುಗಿದ ಮೇಲೆ ಎಲ್ಲರೂ ಪೆಟ್ಟಿಗೆಗಳ ನೆರಳಲ್ಲಿ ಅಡ್ಡಾಗಿದ್ದರು. ಮಹ್ಯೂಬ್ ಎಚ್ಚರವಾಗಿಯೇ ಇದ್ದ. ಗೋಡೆಗೆ ಒರಗಿ ಮೊಬೈಲಿನಲ್ಲಿ ಆ ಫೋಟೊವನ್ನು ದೊಡ್ಡದು ಮಾಡುತ್ತ, ಸಣ್ಣದು ಮಾಡುತ್ತ ಕೂತಿದ್ದ. ಹಾರಿಸ್ ಅವನ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತ. ರಾತ್ರಿಯಿಡೀ ಅರಬ್ಬಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ಹಲಗೆಯ ಮೇಲೆ ಇನ್ನೂ ಬಿದ್ದಿದ್ದ ಶಾಯಿಯ ಪ್ಯಾಡನ್ನು ಎಳೆದುಕೊಂಡ. ಬ್ಯಾಂಡೇಜು ಬಿಚ್ಚಿದ. ಒಳಗೆ ಗಾಯವಿರಲಿಲ್ಲ, ಬೆವರಿಗೆ ಬಿಳಿಚಿದ ಚರ್ಮ ಮತ್ತು ಉಗುರಿನ ಅಂಚಿನ ನೀಲಿ. ಬೆರಳನ್ನು ಪ್ಯಾಡಿಗೆ ಒತ್ತಿ, ಪಕ್ಕದ ಪೆಟ್ಟಿಗೆಯ ಖಾಲಿ ಬದಿಯ ಮೇಲೆ ಒತ್ತಿದ. ಕೈ ತೆಗೆದ.

ಮಹ್ಯೂಬ್ ಮೊದಲು ನಕ್ಕ, ಏನೋ ಆಟ ಎಂದುಕೊಂಡು. ಆಮೇಲೆ ಮೊಬೈಲನ್ನು ಅದರ ಪಕ್ಕಕ್ಕೆ ಹಿಡಿದ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಓರೆ ಗೆರೆ ಅಲ್ಲೂ ಇತ್ತು, ಇಲ್ಲೂ ಇತ್ತು. ಬಹಳ ಹೊತ್ತು ನೋಡಿದ. ಹಾರಿಸ್‌ನ ಕೈಯನ್ನು ಹಿಡಿದು ಮಗುಚಿ, ವೈದ್ಯರು ನೋಡುವ ಹಾಗೆ ಆ ಬೆರಳನ್ನು ನೋಡಿದ. ಒರಟಾಗಿ ಹಿಡಿದಿರಲಿಲ್ಲ. ಹಾಗೆ ಹಿಡಿದಿದ್ದರೆ ಒಳ್ಳೆಯದಿತ್ತು.

"ಎಲ್ಲರದ್ದೂ?"

"ಹೆಂಗಸರದ್ದೆಲ್ಲ ನಾನು."

"ಒತ್ತುವಾಗ ಅವಳ ಹೆಸರು ಓದಿದೆಯಾ?"

ಇಲ್ಲ ಎನ್ನಬಹುದಿತ್ತು. ಓದದೆಯೇ ಒತ್ತಿದೆ, ನನಗೆ ಅರಬ್ಬಿ ಎಲ್ಲಿ ಬರುತ್ತದೆ ಎನ್ನಬಹುದಿತ್ತು.

"ಓದಿದೆ," ಎಂದ ಹಾರಿಸ್.

ಮಹ್ಯೂಬ್ ಕೈ ಬಿಟ್ಟ. ಎದ್ದು, ಹೊರಗೆ ಹೋಗಿ ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದ. ದನಿ ಏರಲಿಲ್ಲ. ಸೀಟು ಇದೆಯಾ, ಇಲ್ಲದಿದ್ದರೆ ಸಾಮಾನಿನ ಜೊತೆ ಹಿಂದೆ ಕೂರುತ್ತೇನೆ ಎನ್ನುವುದು ಒಳಗೆ ಕೇಳಿಸಿತು. ವಾಪಸು ಬಂದು ತನ್ನ ಪೆಟ್ಟಿಗೆಯ ಮೇಲಿದ್ದ ಶಾಲು, ನೀರಿನ ಬಾಟಲಿ ತೆಗೆದುಕೊಂಡ. ಹರಿವಾಣದ ಪಕ್ಕ ತೊಳೆದು ಬೋರಲು ಹಾಕಿದ್ದ ಜೇನಿನ ಬಾಟಲಿಯನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡ. ನೋಣಯ ಎದ್ದು ಕೂತಿದ್ದ. ತನ್ನ ಮೊಬೈಲಿನ ಪವರ್‌ಬ್ಯಾಂಕನ್ನು ಕಿತ್ತು ಅವನ ಕಡೆ ಚಾಚಿದ. ಮಹ್ಯೂಬ್ ಅದನ್ನು ತೆಗೆದುಕೊಂಡ. ಹಾರಿಸ್ ಕೂತ ಕಡೆ ಅವನು ತಿರುಗಲಿಲ್ಲ, ಬೈಯಲೂ ಇಲ್ಲ.

ಗೇಟಿನಲ್ಲಿ ಬಾಂಗ್ಲಾದ ಕಾವಲುಗಾರ ಅವನನ್ನು ಬರಿದೇ ಬಿಡಲು ಹೊರಟ. ಸಂಜೆ ಹೇಗೂ ಹಾರಿಸ್ ಎಲ್ಲರದ್ದೂ ಹಾಕುತ್ತಾನಲ್ಲ. ಮಹ್ಯೂಬ್ ನಿಂತ. ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು, ಪೆನ್ನು ಕೇಳಿ ತೆಗೆದುಕೊಂಡು, ಬಗ್ಗಿ ಬರೆದ. ಬರೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ರಸ್ತೆ ದಾಟಿ ಹೋದ.

ಕೆಲಸ ಬಿಟ್ಟಾಗ ಅಸರ್ ಕಳೆದಿತ್ತು. ಬಸ್ಸು ಗೇಟಿನ ಹೊರಗೆ ಇಂಜಿನು ಹಾಕಿಕೊಂಡು ನಿಂತಿತ್ತು, ಎಲ್ಲರೂ ಓಡಿ ಸೀಟು ಹಿಡಿದರು. ಕಾವಲುಗಾರ ಎಂದಿನ ಹಾಗೆ ರಿಜಿಸ್ಟರನ್ನು ಹಾರಿಸ್‌ನ ಮುಂದೆ ಸರಿಸಿ ಪೆನ್ನು ಇಟ್ಟ. ಪುಟದ ಉದ್ದಕ್ಕೂ ಹಿಂದಿನ ದಿನಗಳ ಸಾಲುಗಳು, ಹನ್ನೆರಡು ಹೆಸರು, ಹನ್ನೆರಡು ನಮೂನೆಯ ಗೀಚು. ಎಲ್ಲದರ ಕೆಳಗೆ ಇವತ್ತಿನ ಮೊದಲ ಸಾಲಿನಲ್ಲಿ, ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಿತ್ತು: ಮಹ್ಯೂಬ್ ಅಬ್ದೊ ಸೈಫ್.

"ಯಲ್ಲಾ ಹಾರಿಸ್," ಎಂದು ಬಸ್ಸಿನ ಕಿಟಕಿಯಿಂದ ಯಾರೋ ಕೂಗಿದರು. "ನಮ್ಮದೂ ಹಾಕಿ ಬಾ."

ಅವನು ಪೆನ್ನು ಎತ್ತಿಕೊಂಡ. ಆ ಹೆಸರಿನ ಕೆಳಗಿನ ಗೆರೆಯ ಮೇಲೆ ಅದರ ಮೊನೆ ಇಟ್ಟ. ಬಸ್ಸಿನ ಮೆಟ್ಟಿಲಲ್ಲಿ ಸದ್ದಾಯಿತು. ನೋಣಯ ಇಳಿದು ಬಂದು, ತನ್ನ ಸಹಿಯ ಸರದಿಗಾಗಿ ಅವನ ಹಿಂದೆ ನಿಂತ.